ಕಾರ್ಮಿಕರು ಅವರೇ, ಆಡಳಿತ ಬೇರೆ: ಜನರಲ್ ಮೋಟಾರ್ಸ್ ಕಲಿಯದೆ ಹೋದ ಪಾಠ

2009ರ ಜೂನ್ 1ರಂದು ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆಹೊಕ್ಕಿತು. 1960ರ ದಶಕದ ಆರಂಭದಲ್ಲಿ ಆ ದೇಶದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಸುಮಾರು ಅರ್ಧದಷ್ಟು ಈ ಸಂಸ್ಥೆಯವೇ ಆಗಿದ್ದವು. ಪತನಕ್ಕೆ ಪಿಂಚಣಿ ಹಾಗೂ ವೈದ್ಯಕೀಯ ವೆಚ್ಚದ ಹೊರೆ, ಜಪಾನಿನ ಪೈಪೋಟಿ, 2008ರ ಹಣಕಾಸು ಬಿಕ್ಕಟ್ಟು ಮುಂತಾದ ಕಾರಣಗಳನ್ನು ಹೇಳಲಾಗುತ್ತದೆ. ಇವು ಸುಳ್ಳಲ್ಲ. ಆದರೆ ಆಡಳಿತದ ಪಾಲು ಎಷ್ಟೆಂಬುದನ್ನು ಕ್ಯಾಲಿಫೋರ್ನಿಯದ ಫ್ರೀಮಾಂಟ್ ಕಾರ್ಖಾನೆಯ ವೃತ್ತಾಂತವು ಸ್ಪಷ್ಟಪಡಿಸುತ್ತದೆ.

ಫ್ರೀಮಾಂಟ್ ಸಂಸ್ಥೆಯ ಅತ್ಯಂತ ಕಳಪೆ ಕಾರ್ಖಾನೆಗಳಲ್ಲೊಂದೆಂದು ಹೆಸರಾಗಿತ್ತು. ಗೈರುಹಾಜರಿ ಶೇ. 20ರ ಆಸುಪಾಸಿನಲ್ಲಿತ್ತು. ಜೋಡಣೆಯಲ್ಲಿ ದೋಷ ಕಂಡರೂ ಲೈನ್ ನಿಲ್ಲಿಸುವಂತಿರಲಿಲ್ಲ. ದಿನದ ಲೆಕ್ಕಕ್ಕೆ ಕಾರುಗಳ ಸಂಖ್ಯೆಯೇ ಮುಖ್ಯವಾಗಿತ್ತು. 1982ರಲ್ಲಿ ಅದಕ್ಕೆ ಬೀಗ ಬಿತ್ತು.

1984ರಲ್ಲಿ ಟೊಯೊಟಾದೊಂದಿಗಿನ ಜಂಟಿ ಉದ್ಯಮವಾಗಿ ಅದೇ ಕಾರ್ಖಾನೆ 'ನ್ಯೂಮಿ' ಎಂಬ ಹೆಸರಿನಲ್ಲಿ ಪುನರಾರಂಭಗೊಂಡಿತು. ಸಂಘ ಅದೇ, ಕೆಲಸಗಾರರಲ್ಲಿ ಬಹುಪಾಲು ಜನರೂ ಅವರೇ. ಬದಲಾದದ್ದು ನಡೆಸುವ ರೀತಿ. ದೋಷ ಕಂಡ ಕಾರ್ಮಿಕನು ಹಗ್ಗವನ್ನು ಎಳೆದೊಡನೆ ತಂಡದ ಮುಖಂಡನು ನೆರವಿಗೆ ಧಾವಿಸುತ್ತಿದ್ದ. ಪರಿಹಾರ ದೊರೆಯದಿದ್ದರೆ ಲೈನ್ ನಿಲ್ಲುತ್ತಿತ್ತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಗುಣಮಟ್ಟವು ಜನರಲ್ ಮೋಟಾರ್ಸ್‌ನ ಅತ್ಯುತ್ತಮ ಕಾರ್ಖಾನೆಗಳ ಸಾಲಿಗೆ ಸೇರಿತು; ಗೈರುಹಾಜರಿಯೂ ತೀವ್ರವಾಗಿ ಇಳಿಯಿತು.

ಈ ಪಾಠವನ್ನು ಇತರ ಕಾರ್ಖಾನೆಗಳಿಗೆ ಹರಡುವಲ್ಲಿ ಸಂಸ್ಥೆಯು ದಶಕಗಳನ್ನೇ ಕಳೆಯಿತು. 1981ರಿಂದ 1990ರವರೆಗೆ ಅಧ್ಯಕ್ಷರಾಗಿದ್ದ ರೋಜರ್ ಸ್ಮಿತ್ ಅವರು ರೋಬಾಟ್‌ಗಳಿಗಾಗಿ ಅಪಾರ ಹಣ ಸುರಿದರು. ಯಂತ್ರ ಬಂತು; ಕೆಳಗಿನವರ ಮಾತನ್ನು ಮೇಲಿನವರು ಆಲಿಸುವ ಪದ್ಧತಿ ಬರಲಿಲ್ಲ.

ದಿವಾಳಿಯ ನಂತರವೂ ಈ ಚಾಳಿಯ ಪರಿಣಾಮ ಕಾಡಿತು. 2014ರಲ್ಲಿ ದೋಷಪೂರಿತ ಇಗ್ನಿಷನ್ ಸ್ವಿಚ್‌ನಿಂದಾಗಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಸಂಸ್ಥೆಯ ಪರಿಹಾರ ನಿಧಿಯೇ 124 ಸಾವುಗಳನ್ನು ಒಪ್ಪಿಕೊಂಡಿತು. ಸ್ವಿಚ್‌ನ ದೋಷವು ಸಂಸ್ಥೆಯೊಳಗಿನ ಕೆಲವರಿಗೆ ಸುಮಾರು ಒಂದು ದಶಕದಿಂದ ತಿಳಿದಿತ್ತು. ಸಭೆಯಲ್ಲಿ ಎಲ್ಲರೂ ತಲೆಯಾಡಿಸಿ, ಹೊರಬಂದ ಮೇಲೆ ಯಾರೂ ಏನನ್ನೂ ಮಾಡದಿರುವ ಅಭ್ಯಾಸವನ್ನು ಸಂಸ್ಥೆಯೇ ನೇಮಿಸಿದ ತನಿಖೆಯು ಎತ್ತಿ ತೋರಿತು.

ಸಣ್ಣ ಉದ್ದಿಮೆದಾರರಿಗೂ ಇದು ದೂರದ ಕಥೆಯಲ್ಲ. ಯಂತ್ರಕ್ಕೆ ಬ್ಯಾಂಕಿನಲ್ಲಿ ಸಾಲ ದೊರೆತೀತು. ಕೆಲಸಗಾರರ ವಿಶ್ವಾಸ ಸಾಲಕ್ಕೆ ಸಿಗದು. ನಮ್ಮ ಘಟಕದಲ್ಲಿ ಕೆಟ್ಟ ಸರಕನ್ನು ಮೊದಲು ಕಾಣುವವನು ಕೆಲಸಗಾರ. ಅದನ್ನು ಮಾಲೀಕರಿಗೆ ತಿಳಿಸಲು ಅವನು ಹೆದರಿದರೆ, ಆ ಸುದ್ದಿಯನ್ನು ಗ್ರಾಹಕರೇ ತರುತ್ತಾರೆ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ.