ಭಾನುವಾರ ಎಲ್ಲಿ ಹೋಯಿತು?

ತಂದೆಯವರು ಹಾಸಿಗೆ ಹಿಡಿದಿದ್ದ ಒಂದು ಚಳಿಗಾಲದಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿದ್ದ ನನ್ನ ತಮ್ಮ ಕೂಡಲೇ ಹೊರಟು ಬರುವೆನೆಂದು ದೂರವಾಣಿಯಲ್ಲಿ ತಿಳಿಸಿದ. ಶನಿವಾರ ರಾತ್ರಿ ಎಂಟೂವರೆಗೆ ಅಲ್ಲಿ ನೇರ ವಿಮಾನವನ್ನೇರಿದರೆ ಸೋಮವಾರ ಬೆಳಗಿನ ಜಾವ ಬೆಂಗಳೂರು. ತಾಯಿಯವರು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು, "ನಡುವೆ ಇಡೀ ಭಾನುವಾರವಿದೆಯಲ್ಲೋ! ಅಲ್ಲಿಯ ತನಕ ಇವರು ತಡೆದಾರೇನೋ?" ಎಂದರು.

"ಹದಿನೇಳು ಗಂಟೆಯ ದಾರಿಯಷ್ಟೇ ಅಮ್ಮ" ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಮಕ್ಕಳನ್ನು ಕಡಲಾಚೆಗೆ ಕಳುಹಿಸಿರುವ ಮನೆಯವರೆಲ್ಲ ಒಮ್ಮೆಯಾದರೂ ಮಾಡಬೇಕಾಗಿ ಬರುವ ಲೆಕ್ಕವಿದು.

ಈ ಎರಡು ನಗರಗಳ ನಡುವಣ ನೇರ ದೂರ ಸುಮಾರು 14,000 ಕಿಲೋಮೀಟರು. ಭೂಮಿಯ ಸುತ್ತಳತೆಯ ಮೂರರಲ್ಲೊಂದು ಪಾಲಿಗಿಂತಲೂ ತುಸು ಹೆಚ್ಚು. ಗೋಡೆಯ ಭೂಪಟವನ್ನು ನೋಡಿದರೆ ಪೆಸಿಫಿಕ್ ಸಾಗರವನ್ನು ಅಡ್ಡಲಾಗಿ ದಾಟಬೇಕೆಂದು ತೋರುತ್ತದೆ. ಆದರೆ ಮಕ್ಕಳು ಪಾಠಕ್ಕೆ ಬಳಸುವ ಗುಂಡನೆಯ ಭೂಗೋಳದ ಮೇಲೆ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಿರಿ. ಅದು ಉತ್ತರಕ್ಕೆ ಸರಿದು ಹಿಮಾಲಯ, ಸೈಬೀರಿಯ, ಅಲಾಸ್ಕಗಳನ್ನು ಹಾಯುತ್ತದೆ. ಉತ್ತರಧ್ರುವದ ನೆತ್ತಿಯನ್ನೇ ದಾಟಿ ಬಂದರೂ ಹೆಚ್ಚಾಗುವ ದೂರ ನಾನೂರು ಕಿಲೋಮೀಟರಿಗಿಂತ ಕಡಿಮೆ.

ಈ ನಗರಗಳ ನಡುವೆ ಏರ್ ಇಂಡಿಯಾದ ಮೊದಲ ತಡೆರಹಿತ ಯಾನ ನಡೆದುದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್ವಾಲರ ನೇತೃತ್ವದಲ್ಲಿ ಮಹಿಳೆಯರೇ ನಡೆಸಿದ ಆ ಬೋಯಿಂಗ್ 777 ವಿಮಾನ, 9ನೆಯ ತಾರೀಖು ಶನಿವಾರ ರಾತ್ರಿ ಸ್ಯಾನ್‌ಫ್ರಾನ್ಸಿಸ್ಕೋವನ್ನು ಬಿಟ್ಟು, ಉತ್ತರಧ್ರುವದ ಮಾರ್ಗವಾಗಿ ಸಾಗಿ, 11ರ ಸೋಮವಾರ ಬೆಳಗಿನ ಜಾವ ಬೆಂಗಳೂರಿನಲ್ಲಿಳಿಯಿತು. ಹಿಡಿದ ಕಾಲ ಸುಮಾರು ಹದಿನೇಳು ಗಂಟೆ.

ಗಂಟೆಗೆ ಸುಮಾರು 900 ಕಿಲೋಮೀಟರು ವೇಗದ ವಿಮಾನಕ್ಕೆ ಹದಿನಾರು ಗಂಟೆ ಸಾಲದೆ ಎಂದು ಕೇಳಬಹುದು. ಏರುವಾಗ, ಇಳಿಯುವಾಗ ಆ ವೇಗವಿರುವುದಿಲ್ಲ. ಮೇಲಾಗಿ, ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೊಳೆಯಂತೆ ಹರಿಯುವ ಗಾಳಿಗಳಿವೆ. ಚಳಿಗಾಲದಲ್ಲಿ ಇವುಗಳ ವೇಗ ಗಂಟೆಗೆ 200 ಕಿಲೋಮೀಟರನ್ನು ಮೀರುವುದುಂಟು. ಆದುದರಿಂದ ಆಯಾ ದಿನದ ಗಾಳಿಯನ್ನು ನೋಡಿಯೇ ದಾರಿಯನ್ನು ಗೊತ್ತುಮಾಡುತ್ತಾರೆ. ಹತ್ತಿರದ ದಾರಿಯೇ ಬೇಗನೆ ತಲುಪಿಸುವ ದಾರಿಯೆಂದು ಹೇಳುವಂತಿಲ್ಲ.

ಹಾಗಾದರೆ ಭಾನುವಾರ ಎಲ್ಲಿ ಹೋಯಿತು? ಚಳಿಗಾಲದಲ್ಲಿ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಶನಿವಾರ ರಾತ್ರಿ ಎಂಟೂವರೆಯಾದಾಗ ನಮ್ಮಲ್ಲಿ ಭಾನುವಾರ ಬೆಳಗ್ಗೆ ಹತ್ತು ಗಂಟೆ. ಅದಕ್ಕೆ ಹದಿನೇಳನ್ನು ಕೂಡಿದರೆ ಸೋಮವಾರ ಬೆಳಗಿನ ಜಾವ ಮೂರು. ಇಲ್ಲಿಂದ ಹೋಗುವವರಿಗೆ ಇದು ತಲೆಕೆಳಗು: ಭಾನುವಾರ ಮಧ್ಯಾಹ್ನ ಎರಡಕ್ಕೆ ಹೊರಟು ಹದಿನಾರು ಗಂಟೆ ಹಾರಿದರೆ, ಇಳಿಯುವಾಗ ಅಲ್ಲಿ ಅದೇ ಭಾನುವಾರದ ಸಂಜೆ ನಾಲ್ಕೂವರೆ!

ಇಷ್ಟನ್ನೂ ಕಾಗದದ ಮೇಲೆ ಬರೆದು ತೋರಿಸಿದೆ. ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಅವನು ವಿಮಾನ ಹತ್ತಿದ ಮೇಲೆ ಇವರಿಗೆ ಮೂರು ಹೊತ್ತಿನ ಔಷಧ ಕೊಡುವುದರೊಳಗೆ ಬಂದುಬಿಡುತ್ತಾನೆ" ಎಂದರು. ಅನಂತರ ಅವರು ಕ್ಯಾಲೆಂಡರಿನತ್ತ ತಿರುಗಿ ನೋಡಲಿಲ್ಲ.

ಸೋಮವಾರ ಬೆಳಕು ಹರಿಯುವ ಮುನ್ನ ತಮ್ಮ ಬಾಗಿಲು ತಟ್ಟಿದ. ತಂದೆಯವರು ಕಣ್ಣು ತೆರೆದು, "ಬಂದೆಯಾ?" ಎಂದರು. ಮುಂದೆ ಹನ್ನೊಂದು ದಿನ ಅವರು ನಮ್ಮೊಡನಿದ್ದರು.