ಕೂಡುದಾರಿಯ ನ್ಯಾಯ: ಮೊಬೈಲು ಜಾಲದಲ್ಲಿ ದತ್ತಾಂಶ ಸಂಚಾರ

ಕಳಂಬೋಲಿಯನ್ನು ಬಲ್ಲವರಿಗೆ ಅಲ್ಲಿಯ ಕೂಡುದಾರಿಯನ್ನು ವರ್ಣಿಸಬೇಕಾಗಿಲ್ಲ. ಮುಂಬಯಿ–ಪುಣೆ ಎಕ್ಸ್‌ಪ್ರೆಸ್ ಮಾರ್ಗವು ಹೊರಡುವುದು ಇಲ್ಲಿಂದ. ಸಾಯನ್–ಪನವೇಲ ಹೆದ್ದಾರಿ ಬಂದು ಕೂಡುವುದೂ ಇಲ್ಲಿಯೇ. ಉಕ್ಕಿನ ಪೇಟೆಯ ಲಾರಿಗಳಿಗೂ ಇವೇ ದಾರಿಗಳು ಗತಿ. ಸಂಜೆ ಇಲ್ಲಿ ನಿಂತುಬಿಟ್ಟ ಬಸ್ಸಿನಲ್ಲಿ ಕುಳಿತವರು ಊರಿಗೆ ಕರೆ ಮಾಡಿದರೆ ಧ್ವನಿ ಸ್ಪಷ್ಟವಾಗಿ ಕೇಳಿಸೀತು. ಚಲನಚಿತ್ರವೊಂದನ್ನು ತೆರೆಯಹೋದರೆ ಮಾತ್ರ ಪರದೆಯ ಚಕ್ರ ಸುತ್ತುತ್ತಲೇ ಇದ್ದೀತು. ಸಿಗ್ನಲ್ಲಿನ ಗೆರೆಗಳೆಲ್ಲ ತುಂಬಿರುವಾಗಲೂ ಹೀಗಾಗುವುದೇಕೆಂಬುದನ್ನು ಇಲ್ಲಿ ವಿವೇಚಿಸಬಹುದು.

ಗೆರೆಗಳು ಸೂಚಿಸುವುದು ಗೋಪುರದ ತರಂಗಗಳು ನಮ್ಮನ್ನು ಎಷ್ಟು ಬಲವಾಗಿ ತಲುಪುತ್ತಿವೆಯೆಂಬುದನ್ನೇ ಹೊರತು, ಅದರ ಶಕ್ತಿಯನ್ನು ಎಷ್ಟು ಮಂದಿ ಹಂಚಿಕೊಂಡಿದ್ದಾರೆಂಬುದನ್ನಲ್ಲ. ಹಂಚಿಕೆಯ ಗಣಿತಕ್ಕೆ ಅಡಿಪಾಯ ಹಾಕಿದವನು ಕೋಪನ್‌ಹೇಗನ್ನಿನ ದೂರವಾಣಿ ಸಂಸ್ಥೆಯಲ್ಲಿದ್ದ ಎ. ಕೆ. ಎರ್ಲಾಂಗ್; ಅವನ ಮೊದಲ ಪ್ರಬಂಧ 1909ರದು. ಬೇಡಿಕೆಗಳು ಗೊತ್ತುಗುರಿಯಿಲ್ಲದೆ ಬರುವ ಒಂದೇ ಸೇವಾಸ್ಥಾನದ ಸರಳ ಲೆಕ್ಕದಂತೆ, ಸಾಮರ್ಥ್ಯದ ಶೇಕಡಾ 50 ಬಳಕೆಯಲ್ಲಿರುವಾಗ ಸರದಿಯಲ್ಲಿ ಕಾಯುವ ಸರಾಸರಿ ಕಾಲವು ಸೇವೆಯ ಕಾಲದಷ್ಟೇ. ಶೇಕಡಾ 80ಕ್ಕೇರಿದಾಗ ಅದರ 4 ಪಟ್ಟು. 90ಕ್ಕೇರಿದಾಗ 9 ಪಟ್ಟು. ಭಾರ ಸ್ವಲ್ಪವೇ ಹೆಚ್ಚಿದರೂ ವಿಳಂಬ ಬೆಟ್ಟದಂತೆ ಬೆಳೆಯುವುದರ ರಹಸ್ಯವಿದು.

ಆದುದರಿಂದ ಯಾರನ್ನು ಮೊದಲು ಬಿಡಬೇಕೆಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ. ನಾಲ್ಕನೆಯ ಪೀಳಿಗೆಯ ಜಾಲದಲ್ಲಿ ಗೋಪುರದ ಯಂತ್ರವು ಪ್ರತಿ ಮಿಲಿಸೆಕೆಂಡಿಗೊಮ್ಮೆ ಇದನ್ನು ನಿರ್ಣಯಿಸುತ್ತದೆ. ಸಿಗ್ನಲ್ ಚೆನ್ನಾಗಿರುವವರಿಗೇ ಕೊಟ್ಟರೆ ಒಟ್ಟು ಸಾಗಾಟ ಹೆಚ್ಚುವುದಾದರೂ ಅಂಚಿನಲ್ಲಿರುವವನು ಬರಿಗೈಯಾಗುತ್ತಾನೆ. ಎಲ್ಲರಿಗೂ ಒಂದೇ ವೇಗವನ್ನು ಕೊಡಹೋದರೆ ಒಟ್ಟು ಸಾಗಾಟ ಕುಗ್ಗುತ್ತದೆ. ಇವೆರಡರ ನಡುವಣ ಹದವನ್ನು ಹುಡುಕುವುದೇ ಅದರ ಕೆಲಸ. ಇದರ ಮೇಲೆ ವರ್ಗಭೇದವೂ ಉಂಟು: ಅಂತಾರಾಷ್ಟ್ರೀಯ ಮಾನದಂಡದಂತೆ ಸಂಭಾಷಣೆಯ ಧ್ವನಿಗೆ ವಿಳಂಬದ ಮಿತಿ 100 ಮಿಲಿಸೆಕೆಂಡು, ಸಾಮಾನ್ಯ ವರ್ಗಕ್ಕೆ 300. ಮಾತು ಕಾಯಲಾರದು, ಚಿತ್ರ ಕಾದೀತು. ಬಸ್ಸಿನಲ್ಲಿದ್ದವರ ಅನುಭವಕ್ಕೆ ಕಾರಣ ಇದೇ.

ಅಗತ್ಯವನ್ನು ನೋಡಿ ದಾರಿ ಬಿಡುವುದು ಆಂಬುಲೆನ್ಸಿಗೆ ದಾರಿ ಬಿಟ್ಟಂತೆ, ಅದು ನ್ಯಾಯ. ಹಣವನ್ನು ನೋಡಿ ಬಿಡುವುದು ಬೇರೆ. ಒಂದು ಜಾಲತಾಣಕ್ಕೊಂದು ದರವೆಂಬ ಪದ್ಧತಿಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರ ಫೆಬ್ರವರಿಯಲ್ಲಿ ನಿಷೇಧಿಸಿತು. 2018ರ ಜುಲೈಯಲ್ಲಿ ಕೇಂದ್ರ ಸರಕಾರವು ಒಪ್ಪಿದ ತತ್ತ್ವಗಳು, ಸಮಂಜಸವಾದ ಸಂಚಾರ ನಿರ್ವಹಣೆಗೂ ಕೆಲವು ವಿಶೇಷ ಸೇವೆಗಳಿಗೂ ಎಡೆಗೊಟ್ಟು, ಉಳಿದ ಪಕ್ಷಪಾತವನ್ನು ತಡೆದವು. 2022ರ ಅಕ್ಟೋಬರಿನಲ್ಲಿ ಭಾರತಕ್ಕೆ ಬಂದ ಐದನೆಯ ಪೀಳಿಗೆಯ ತಂತ್ರದಲ್ಲಾದರೋ ಒಂದೇ ಜಾಲವನ್ನು ಹಲವು ಹೋಳುಗಳಾಗಿ ಸೀಳಿ, ಒಂದೊಂದಕ್ಕೂ ಬೇರೆ ಗುಣವನ್ನು ಗೊತ್ತುಪಡಿಸಬಹುದು. ಶಸ್ತ್ರಚಿಕಿತ್ಸೆಗೋ ಕಾರ್ಖಾನೆಗೋ ಮೀಸಲಾದ ಹೋಳು ಯುಕ್ತವೇ. ಆದರೆ ಮೀಸಲು ಬೆಳೆದಷ್ಟೂ ಸಾಮಾನ್ಯರ ಹಾದಿ ಕಿರಿದಾಗುವ ಭಯವಿದೆ.

2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಸೇವಾಗುಣ ನಿಯಮಗಳು ವಿಳಂಬ, ದತ್ತಾಂಶ ನಷ್ಟ ಮುಂತಾದವುಗಳಿಗೆ ಮಿತಿಗಳನ್ನು ವಿಧಿಸಿವೆ. ಊರಿನೊಡನೆ ನಮ್ಮ ನಂಟು ಬಹುಮಟ್ಟಿಗೆ ಈ ಅದೃಶ್ಯ ಹಾದಿಯಲ್ಲೇ ಹರಿಯುತ್ತಿರುವ ಇಂದು, ವೇಗವೆಷ್ಟೆಂದು ಕೇಳಿದರಷ್ಟೇ ಸಾಲದು. ಸರದಿಯ ನಿಯಮವೇನೆಂದೂ ಕೇಳುವುದು ನಮ್ಮ ಹಕ್ಕು.