ಕಲ್ಲಿನ ನೋವಿಗೆ ಚಳಿಜ್ವರ ಸೇರಿದರೆ ತಡಮಾಡಬೇಡಿ

ಕಿಡ್ನಿಯಲ್ಲಿ ಕಲ್ಲು ಎಂಬುದು ಮುಂಬಯಿಯ ನಮ್ಮವರಿಗೆ ಹೊಸತಲ್ಲ. ಸೆಕೆ, ಲೋಕಲ್ ರೈಲಿನ ಪ್ರಯಾಣ, ಕೌಂಟರ್ ಬಿಟ್ಟೇಳಲಾಗದ ದುಡಿಮೆ ಇವುಗಳ ನಡುವೆ ನೀರು ಕುಡಿಯಲು ಪುರುಸೊತ್ತಿಲ್ಲ. ಪಕ್ಕೆ ನೋವು ಬಂದರೆ ಬಾಳೆದಿಂಡಿನ ರಸ, ಹುರುಳಿ ಸಾರು ಆರಂಭವಾಗುತ್ತದೆ. ಸಣ್ಣ ಕಲ್ಲು ಹಲವು ಸಲ ತಾನಾಗಿಯೇ ಹೋಗುವುದೂ ಉಂಟು. ಆದರೆ ನೋವಿನೊಂದಿಗೆ ನಡುಗಿಸುವ ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯುವುದು ಅಪಾಯಕಾರಿ.

ಕಲ್ಲು ಮೂತ್ರನಾಳದಲ್ಲಿ ಸಿಕ್ಕಿಕೊಂಡರೆ ಮೂತ್ರ ಕೆಳಗಿಳಿಯದೆ ಕಿಡ್ನಿಯಲ್ಲೇ ನಿಲ್ಲುತ್ತದೆ. ಅದರಲ್ಲಿ ರೋಗಾಣು ಬೆಳೆದರೆ ಕೀವಾಗಬಹುದು. ನಂಜು ರಕ್ತಕ್ಕೇರಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಮಧುಮೇಹಿಗಳು, ಗರ್ಭಿಣಿಯರು, ಒಂದೇ ಕಿಡ್ನಿ ಉಳ್ಳವರು ವಿಶೇಷ ಎಚ್ಚರ ವಹಿಸಬೇಕು. ವೃದ್ಧರಲ್ಲಿ ಜ್ವರ ಹೆಚ್ಚಾಗಿ ಕಾಣಿಸದೆ ಮಂಪರು, ತೊದಲು ಮಾತು ಮಾತ್ರ ಇರಬಹುದು.

ಆಸ್ಪತ್ರೆಯಲ್ಲಿ ರಕ್ತ ಮತ್ತು ಮೂತ್ರದ ಪರೀಕ್ಷೆ, ಕಲ್ಚರ್, ಕ್ರಿಯಾಟಿನಿನ್ ನೋಡುತ್ತಾರೆ. ಕಿಡ್ನಿ ಊದಿರುವುದು ಸೋನೋಗ್ರಫಿಯಲ್ಲೂ, ಕಲ್ಲಿನ ಜಾಗ ಸಿ.ಟಿ. ಸ್ಕ್ಯಾನಿನಲ್ಲೂ ತಿಳಿಯುತ್ತದೆ. ನಾಳ ಪೂರ್ತಿ ಮುಚ್ಚಿದ್ದರೆ ಹೊರಬರುವುದು ಇನ್ನೊಂದು ಕಿಡ್ನಿಯ ಮೂತ್ರ ಮಾತ್ರ. ಆದ್ದರಿಂದ ಮೂತ್ರದ ರಿಪೋರ್ಟ್ ಚೆನ್ನಾಗಿದೆ ಎಂದು ನಿಶ್ಚಿಂತರಾಗುವಂತಿಲ್ಲ.

ಆ್ಯಂಟಿಬಯೋಟಿಕ್ ಅನ್ನು ರಕ್ತನಾಳದ ಮೂಲಕ ಕೂಡಲೇ ಆರಂಭಿಸುತ್ತಾರೆ. ಆದರೆ ಮುಚ್ಚಿದ ಕಿಡ್ನಿಗೆ ಔಷಧಿ ಸಾಕಷ್ಟು ತಲುಪುವುದಿಲ್ಲ, ಕಟ್ಟಿನಿಂತದ್ದನ್ನು ಹೊರಹರಿಸಲೇಬೇಕು. ಇದಕ್ಕೆ ಎರಡು ದಾರಿ. ಒಂದು, ಮೂತ್ರಕೋಶದ ಮೂಲಕ ನಾಳದೊಳಗೆ ಡಿ.ಜೆ. ಸ್ಟೆಂಟ್ ಎಂಬ ಸಣ್ಣ ಕೊಳವೆ ಇಡುವುದು. ಇನ್ನೊಂದು, ಬೆನ್ನಿನ ಕಡೆಯಿಂದ ನೇರವಾಗಿ ಕಿಡ್ನಿಗೆ ಕೊಳವೆ ಹಾಕುವುದು. ಆ ಜಾಗವನ್ನಷ್ಟೇ ಮರಗಟ್ಟಿಸಿ ಇದನ್ನು ಮಾಡಬಹುದು. ಇವುಗಳಲ್ಲಿ ಯಾವುದು ಸೂಕ್ತ ಎಂಬುದನ್ನು ರೋಗಿಯ ಸ್ಥಿತಿ ನೋಡಿ ವೈದ್ಯರು ನಿರ್ಧರಿಸುತ್ತಾರೆ.

"ಕಲ್ಲನ್ನೂ ಒಟ್ಟಿಗೇ ತೆಗೆದುಬಿಡಿ, ಖರ್ಚು ಒಂದೇ ಸಲ ಆಗಲಿ" ಎಂದು ಮನೆಯವರು ಕೇಳುವುದು ಸಹಜ. ಸೋಂಕಿರುವಾಗ ಕಲ್ಲಿಗೆ ಕೈಹಾಕಿದರೆ ನಂಜು ಇನ್ನಷ್ಟು ಹರಡೀತು. ಮೊದಲು ಕೀವು ಹರಿಯಬೇಕು, ಸೋಂಕು ಇಳಿಯಬೇಕು. ಕಲ್ಲಿನ ಸರದಿ ಆ ಮೇಲೆ.

ಮತ್ತೊಂದು ಮಾತು. ಮನೆಗೆ ಮರಳಿದ ಮೇಲೆ ನೋವಿಲ್ಲವೆಂದು ಸ್ಟೆಂಟನ್ನು ಮರೆಯಬಾರದು. ಬಹಳ ಕಾಲ ಉಳಿದರೆ ಅದರ ಮೇಲೇ ಕಲ್ಲು ಕಟ್ಟುತ್ತದೆ. ಎಫ್.ಡಿ. ಮುಗಿಯುವ ತಾರೀಕು ಬರೆದಿಡುವಂತೆ ಸ್ಟೆಂಟ್ ತೆಗೆಸುವ ತಾರೀಕನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ.

ನಮ್ಮ ಸಂಘಗಳಲ್ಲಿ ಒಂಟಿಯಾಗಿರುವ ಹಿರಿಯರು ಅನೇಕರಿದ್ದಾರೆ. ಊರಿಗೆ ಹೋಗಿ ತೋರಿಸಿಕೊಳ್ಳುತ್ತೇನೆ ಎಂದು ಅವರು ಜ್ವರದಲ್ಲೇ ಬಸ್ಸು ಹತ್ತಲು ಹೊರಟರೆ ತಡೆಯಿರಿ. ಆ ರಾತ್ರಿಯೇ ಸಮೀಪದ ದೊಡ್ಡ ಆಸ್ಪತ್ರೆಗೆ ಜೊತೆಗೆ ಹೋಗಲು ಒಬ್ಬರು ಸಿಕ್ಕರೆ ಒಂದು ಜೀವ ಉಳಿದೀತು.